ಸಾಮ್ರಾಜ್ಞಿಯನ್ನು ಹೆತ್ತ ಸಣ್ಣ ದೊರೆ

ರಷ್ಯಾವನ್ನು 34 ವರ್ಷ ಆಳಿದ ಎರಡನೇ ಕ್ಯಾಥರೀನಳ ಹೆಸರು ಎಲ್ಲರಿಗೂ ಗೊತ್ತು. ಆಕೆಯ ತಂದೆ ಕ್ರಿಸ್ಟಿಯಾನ್ ಆಗಸ್ಟ್‌ನನ್ನು ಬಲ್ಲವರು ವಿರಳ. 18ನೇ ಶತಮಾನದ ಜರ್ಮನಿ ಒಂದೇ ದೇಶವಾಗಿರಲಿಲ್ಲ. ನೂರಾರು ಸಂಸ್ಥಾನಗಳ ಕೂಟವಾಗಿತ್ತು. ಅವುಗಳಲ್ಲೊಂದು ಆನ್‌ಹಾಲ್ಟ್-ಜೆರ್ಬ್‌ಸ್ಟ್.

ಈ ಮನೆತನದ ಕಿರಿಯ ಶಾಖೆಯೊಂದರಲ್ಲಿ 1690ರಲ್ಲಿ ಹುಟ್ಟಿದ ಕ್ರಿಸ್ಟಿಯಾನ್ ಆಗಸ್ಟ್‌ಗೆ ಕುಲವಿತ್ತು, ಸಿರಿಯಿರಲಿಲ್ಲ. ಹೀಗಾಗಿ ಪ್ರಷ್ಯಾದ ಸೈನ್ಯ ಸೇರಿ, ಇಂದು ಪೋಲೆಂಡಿನಲ್ಲಿರುವ ಸ್ಟೆಟಿನ್ ಪಟ್ಟಣದಲ್ಲಿ ನೆಲೆಸಿದ. 1727ರಲ್ಲಿ ಹೋಲ್‌ಸ್ಟೈನ್ ಮನೆತನದ ಯೊಹಾನಾ ಎಲಿಜಬೆತ್‌ಳನ್ನು ವರಿಸಿದಾಗ ಆತನಿಗೆ 36, ಆಕೆಗೆ 15. ಐವರು ಮಕ್ಕಳಲ್ಲಿ ಬೆಳೆದು ದೊಡ್ಡವರಾದದ್ದು 1729ರಲ್ಲಿ ಹುಟ್ಟಿದ ಸೋಫೀ, 1734ರಲ್ಲಿ ಹುಟ್ಟಿದ ಫ್ರೆಡ್ರಿಕ್ ಆಗಸ್ಟ್ ಇಬ್ಬರೇ. ದಾಯಾದಿಯೊಬ್ಬ ತೀರಿಕೊಂಡ ಮೇಲೆ 1742ರಲ್ಲಿ ಸಂಸ್ಥಾನದ ಆಳ್ವಿಕೆ ಕ್ರಿಸ್ಟಿಯಾನ್ ಆಗಸ್ಟ್‌ಗೂ ಆತನ ಅಣ್ಣನಿಗೂ ಒಟ್ಟಾಗಿ ಬಂತು.

ಇಂಥ ದೊರೆಗಳಿಗೆ ಮಕ್ಕಳ ಮದುವೆಯೇ ದೊಡ್ಡ ಬಂಡವಾಳ. ರಷ್ಯಾದ ಯುವರಾಜ ಪೀಟರ್ ಹೋಲ್‌ಸ್ಟೈನ್ ಮನೆತನದವನೇ. 1744ರ ಜನವರಿಯಲ್ಲಿ ಅಲ್ಲಿನ ಸಾಮ್ರಾಜ್ಞಿ ಎಲಿಜಬೆತ್‌ಳಿಂದ ಕರೆ ಬಂತು. ತಾಯಿ, ಮಗಳು ಬರಬೇಕು. ತಂದೆ ಮಾತ್ರ ಬರಕೂಡದು. ನಿಷ್ಠಾವಂತ ಲೂಥರನ್ ಪಂಥೀಯನಾದ ಕ್ರಿಸ್ಟಿಯಾನ್ ಆಗಸ್ಟ್ ಮಗಳ ಮತಾಂತರಕ್ಕೆ ಒಪ್ಪುವವನಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ಹೊರಟ ಮಗಳ ಕೈಗೆ ಆತ ಬುದ್ಧಿಮಾತಿನ ಬರಹವೊಂದನ್ನಿತ್ತ: ಹುಟ್ಟಿದ ಪಂಥ ಬಿಡಬೇಡ, ರಾಜ್ಯಾಡಳಿತದಲ್ಲಿ ಕೈಹಾಕಬೇಡ. ಮತ್ತೆ ಅವರಿಬ್ಬರ ಭೇಟಿಯಾಗಲಿಲ್ಲ.

ಎರಡು ಪಂಥಗಳ ನಡುವೆ ಹೆಚ್ಚು ಭೇದವಿಲ್ಲವೆಂದು ಮಗಳು ತಂದೆಗೆ ಪತ್ರ ಬರೆದಳು. ಅದೇ ವರ್ಷ ಆರ್ಥೊಡಾಕ್ಸ್ ಪಂಥ ಸೇರಿ ಎಕತೆರೀನಾ ಆದಳು. 1745ರ ಮದುವೆಗೂ ತಂದೆಗೆ ಕರೆಯಿರಲಿಲ್ಲ. 1747ರಲ್ಲಿ ಆತ ತೀರಿಕೊಂಡಾಗ, ವಾರ ಕಳೆದ ಮೇಲೆ ಅಳು ಸಾಕು, ನಿನ್ನ ತಂದೆ ರಾಜನೇನಲ್ಲವಲ್ಲ ಎಂಬ ಅಪ್ಪಣೆ ಅರಮನೆಯಿಂದ ಬಂತೆಂದು ಆಕೆ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ದುಃಖವನ್ನೂ ಅಂತಸ್ತಿನಿಂದ ಅಳೆಯುವ ಕಾಲವದು.

1762ರಲ್ಲಿ ಗಂಡನನ್ನೇ ಪದಚ್ಯುತಗೊಳಿಸಿ ಸಿಂಹಾಸನವೇರಿದ ಮಗಳು ತಂದೆಯ ಎರಡನೇ ಮಾತನ್ನೂ ಮೀರಿದಳು. ಅತ್ತ ತಮ್ಮ ಫ್ರೆಡ್ರಿಕ್ ಆಗಸ್ಟ್, ಅಮೆರಿಕದ ಸ್ವಾತಂತ್ರ್ಯ ಸಮರದ ವೇಳೆ ಹಣಕ್ಕಾಗಿ ತನ್ನ ಸೈನಿಕರನ್ನು ಬ್ರಿಟನ್ನಿಗೆ ಒದಗಿಸಿದ. 1793ರಲ್ಲಿ ಆತ ಮಕ್ಕಳಿಲ್ಲದೆ ತೀರಿಕೊಳ್ಳುವುದರೊಂದಿಗೆ ವಂಶ ನಿಂತಿತು. ಜೆರ್ಬ್‌ಸ್ಟ್ ಪ್ರದೇಶವನ್ನು ಆನ್‌ಹಾಲ್ಟ್‌ನ ಉಳಿದ ಶಾಖೆಗಳು 1797ರಲ್ಲಿ ಹಂಚಿಕೊಂಡವು. ಹೆಣ್ಣುಮಕ್ಕಳಿಗೂ ಹಕ್ಕಿದ್ದ ಯೇವರ್ ಎಂಬ ತುಂಡು ನೆಲ ಮಾತ್ರ ಕ್ಯಾಥರೀನಳಿಗೆ ಸೇರಿತು. ತಂದೆಯ ಮನೆಯಿಂದ ಬರಿಗೈಯಲ್ಲಿ ಹೊರಟಿದ್ದವಳಿಗೆ ತವರಿನ ಆಸ್ತಿಯ ಪಾಲು ಸಿಕ್ಕಿದ್ದು ಸುಮಾರು 50 ವರ್ಷಗಳ ನಂತರ.