ಕೃಷ್ಣಾ ತೀರದ ಹೋರಿ, ಟೆಕ್ಸಾಸಿನ ದನಶಾಲೆ

ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಪ್ರಯಾಣ ಮಾಡುವ ನಮ್ಮವರು, ಬೇಲಿಯಾಚೆ ಹಿಣಿಲೆದ್ದು ಗಂಗೆದೊಗಲು ಜೋಲುವ ಬೂದುಬಣ್ಣದ ದನಗಳನ್ನು ಕಂಡರೆ ಊರ ನೆನಪಾಗದೆ ಇರದು. ಅಲ್ಲಿಯವರು ಈ ತಳಿಯನ್ನು 'ಬ್ರಾಹ್ಮನ್' ಎನ್ನುತ್ತಾರೆ, ಸಾಕುವುದು ಮಾಂಸಕ್ಕಾಗಿ. ಈ ಮಾತಿಗೆ ಮುಖ ತಿರುಗಿಸುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆಂದು ಬಲ್ಲೆ. ಆದರೂ ಅದರ ವಂಶದಲ್ಲಿ ಗುಜರಾತಿನ ಗೀರ್ ಮತ್ತು ಕಾಂಕ್ರೇಜ್, ಆಂಧ್ರದ ಓಂಗೋಲ್ ತಳಿಗಳ ಜೊತೆಗೆ ನಮ್ಮ ಕೃಷ್ಣಾ ತೀರದ ದನದ ರಕ್ತವೂ, ಅಲ್ಪಸ್ವಲ್ಪವಾದರೂ, ಸೇರಿರುವುದರಿಂದ ಈ ಕಥೆ ನಮ್ಮದೂ ಹೌದು.

ಕೃಷ್ಣಾ ತೀರದ ತಳಿ ಬಹಳ ಹಳೆಯದೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಿಕರು ಗೀರ್, ಓಂಗೋಲ್, ಕಾಂಕ್ರೇಜ್ ಹೋರಿಗಳನ್ನು ಸ್ಥಳೀಯ ಆಕಳುಗಳಿಗೆ ಕೂಡಿಸಿ ಇದನ್ನು ರೂಪಿಸಿದರು. ವಿಜಯಪುರ, ಬೆಳಗಾವಿ, ಸಾಂಗಲಿ ಕಡೆಯ ಎರೆಭೂಮಿಗೆ ಬೇಕಾದದ್ದು ಓಡುವ ಎತ್ತಲ್ಲ, ಎಳೆಯುವ ಎತ್ತು. ನಡಿಗೆ ನಿಧಾನ, ಮೈಕಟ್ಟು ಭಾರಿ.

ಅಮೆರಿಕದವರಿಗೆ ಬೇಕಾಗಿದ್ದುದೇ ಬೇರೆ. ದಕ್ಷಿಣದ ಸೆಕೆಯಲ್ಲಿ ಇಂಗ್ಲೆಂಡಿನಿಂದ ಬಂದ ಹಿಯರ್‌ಫರ್ಡ್, ಶಾರ್ಟ್‌ಹಾರ್ನ್ ದನಗಳು ಬಳಲುತ್ತಿದ್ದವು. ಉಣ್ಣೆ ಹರಡುವ ಜ್ವರಕ್ಕೆ ಬಲಿಯಾಗುತ್ತಿದ್ದವು. ಆ ಜ್ವರಕ್ಕೆ ಉಣ್ಣೆಯೇ ಕಾರಣವೆಂದು ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು ಸಿದ್ಧಮಾಡಿ ತೋರಿಸಿದ್ದು 1893ರಲ್ಲಿ. ಗಿಡ್ಡ ಕೂದಲಿನ, ಸಡಿಲ ಚರ್ಮದ ನಮ್ಮ ದನಗಳಿಗೆ ಬಿಸಿಲೂ ಉಣ್ಣೆಯೂ ಅಷ್ಟು ಬಾಧಕವಲ್ಲ. 1906ರಲ್ಲಿ ಟೆಕ್ಸಾಸಿನ ಪಿಯರ್ಸ್ ರಾಂಚಿನವರು ಭಾರತದಿಂದ ದನಗಳನ್ನು ತರಿಸಿದರು. ನ್ಯೂಯಾರ್ಕಿನ ಬಳಿ ತಡೆಹಿಡಿದಿದ್ದಾಗ ಸರ್ರಾ ರೋಗಕ್ಕೆ ಹಲವು ಹೋದವು. ಉಳಿದು ಒಳಗೆ ಬಂದವು 30 ಹೋರಿ, ಮೂರು ಆಕಳು.

ಮೂರೇ ಆಕಳಿನಿಂದ ತಳಿ ಕಟ್ಟುವುದುಂಟೆ? ಅವರು ಹಿಡಿದ ದಾರಿ ಹೋರಿಯದು. ಊರಿನ ಆಕಳಿಗೆ ಭಾರತದ ಹೋರಿ ಕೂಡಿಸಿದರೆ ಕರುವಿನಲ್ಲಿ ಅರ್ಧ ರಕ್ತ. ಆ ಹೆಣ್ಣುಗರು ಬೆಳೆದ ಮೇಲೆ ಮತ್ತೆ ಭಾರತದ ಹೋರಿಯನ್ನೇ ಕೂಡಿಸಿದರೆ ಮುಕ್ಕಾಲು. ಐದನೆಯ ತಲೆಮಾರಿಗೆ ಮೂವತ್ತೆರಡರಲ್ಲಿ ಮೂವತ್ತೊಂದು ಪಾಲು. 1924ರಲ್ಲಿ ಸಾಕಣೆದಾರರ ಸಂಘವೂ, ವಂಶಾವಳಿಯ ದಫ್ತರವೂ ಹುಟ್ಟಿದವು.

ಸಣ್ಣ ಸಾಕಣೆದಾರನ ಬದುಕು ನಿಂತಿರುವುದು ಆ ದಫ್ತರದ ಮೇಲೆ. ಅವನು ಮಾರುವುದು ಮುಖ್ಯವಾಗಿ ಮಾಂಸವನ್ನಲ್ಲ, ಬೀಜದ ಹೋರಿಯನ್ನು. ಹುಟ್ಟಿದ ಗಂಡುಗರುಗಳಲ್ಲಿ ಕಾಲು, ಬೆನ್ನು, ಸ್ವಭಾವ ಎಲ್ಲ ನೋಡಿ ಕೆಲವನ್ನಷ್ಟೇ ಹೋರಿಯಾಗಿ ಉಳಿಸಿಕೊಳ್ಳುತ್ತಾನೆ. ಮಿಕ್ಕವು ಬೀಜ ಒಡೆಸಿಕೊಂಡು ಕಸಾಯಿಖಾನೆಯ ದಾರಿ ಹಿಡಿಯುತ್ತವೆ. ಉಳಿದವನ್ನು ಚಿಕ್ಕಂದಿನಿಂದ ಕೈಯಾರೆ ಸವರಿ ಪಳಗಿಸಬೇಕು. ಮಮತೆಯಿಂದ ನೋಡಿಕೊಂಡರೆ ಈ ದನ ಬೆನ್ನ ಹಿಂದೆಯೇ ಬರುತ್ತದೆ, ಒರಟಾಗಿ ನಡೆಸಿಕೊಂಡರೆ ಬೇಲಿ ಮುರಿಯುತ್ತದೆ. (ನಮ್ಮ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.) ದೊಡ್ಡ ಹಿಂಡುಗಳ ಒಡೆಯರು ಈ ಹೋರಿಗಳನ್ನು ಕೊಂಡು ಹಿಯರ್‌ಫರ್ಡ್ ಆಕಳುಗಳಿಗೆ ಬಿಡುತ್ತಾರೆ. ಹಾಗೆ ಹುಟ್ಟಿದ ಮಿಶ್ರ ಕಡಸಿಗೆ ಒಳ್ಳೆಯ ಬೆಲೆ, ಏಕೆಂದರೆ ಅದು ಬಹುಕಾಲ ಈಯುತ್ತದೆ. ಕಿಂಗ್ ರಾಂಚಿನ ಸಾಂತಾ ಗರ್ಟ್ರೂಡಿಸ್ ತಳಿಯಲ್ಲಿ ಎಂಟರಲ್ಲಿ ಮೂರು ಪಾಲು ಬ್ರಾಹ್ಮನ್, ಐದು ಪಾಲು ಶಾರ್ಟ್‌ಹಾರ್ನ್.

ಇತ್ತ ಕೃಷ್ಣೆಯ ದಡದಲ್ಲಿ ಟ್ರ್ಯಾಕ್ಟರ್ ಬಂತು. ಭಾರಿ ಎತ್ತಿಗೆ ಮೇವೂ ಭಾರಿ. ಬರಗಾಲದಲ್ಲಿ ಅದನ್ನು ಸಾಕಿದವರು ಸೋತರು. ಹಾಲಿಗೆ ಜರ್ಸಿ ಬಂದು ನಿಂತಿತು, ಉಳಿದ ಆಕಳುಗಳು ಖಿಲಾರಿ ಹೋರಿಗೆ ಕೂಡಿದವು. ಕರ್ನಾಲಿನ ರಾಷ್ಟ್ರೀಯ ಪಶು ಸಂಪನ್ಮೂಲ ಬ್ಯೂರೊದ ಪಟ್ಟಿಯಲ್ಲಿ ತಳಿಯ ಹೆಸರೇನೋ ಇದೆ. ಶುದ್ಧ ಹೋರಿಗಾಗಿ ಮಾತ್ರ ಊರೂರು ವಿಚಾರಿಸಬೇಕು. ಗೀರ್ ತಳಿ ಬ್ರೆಜಿಲಿನಲ್ಲಿ ಶುದ್ಧವಾಗಿಯೂ ಉಳಿದಿದೆ, ಬೇಕೆಂದರೆ ಅಲ್ಲಿಂದ ತರಬಹುದು. ಟೆಕ್ಸಾಸಿನ ದನಗಳಲ್ಲಿ ಕೃಷ್ಣಾ ತೀರದ ರಕ್ತ ಉಳಿದ ಮೂರರೊಡನೆ ಬೆರೆತುಹೋಗಿದೆ. ಅದನ್ನು ಬೇರ್ಪಡಿಸಿ ವಿಜಯಪುರಕ್ಕೆ ಮರಳಿ ತರುವಂತಿಲ್ಲ.