ಕೆರಳುವ ಕರುಳಿನ ಲಕ್ಷಣಕೂಟ
ಕರುಳಿನ ರಚನೆಯಲ್ಲಿ ಕಾಣುವಂಥ ದೋಷವಿಲ್ಲದಿದ್ದರೂ ಹೊಟ್ಟೆನೋವು ಮರುಕಳಿಸುತ್ತ, ಅದರೊಂದಿಗೆ ಮಲವಿಸರ್ಜನೆಯ ಕ್ರಮವೂ ಬದಲಾಗುವ ದೀರ್ಘಕಾಲಿಕ ಕಾರ್ಯದೋಷ; ವೈದ್ಯರ ಬಳಕೆಯಲ್ಲಿ ಐಬಿಎಸ್. ಮಲಬದ್ಧತೆ ಪ್ರಧಾನವಾದುದು, ಭೇದಿ ಪ್ರಧಾನವಾದುದು, ಎರಡೂ ಬೆರೆತುದು, ಯಾವ ಗುಂಪಿಗೂ ಸೇರದುದು ಎಂದು ನಾಲ್ಕು ಬಗೆ. ಮಿದುಳು ಮತ್ತು ಕರುಳಿನ ನಡುವಣ ನರಸಂವಹನ ಏರುಪೇರಾಗಿ, ಸಾಮಾನ್ಯ ವಾಯುವಿನ ಒತ್ತಡವೂ ನೋವೆನಿಸುವಷ್ಟು ಕರುಳು ಸೂಕ್ಷ್ಮವಾಗುವುದು ಇದರ ಮುಖ್ಯ ಹಿನ್ನೆಲೆಯಾಗಿದ್ದು, ಕೆಲವರಲ್ಲಿ ಸೋಂಕಿನ ಭೇದಿಯ ಬಳಿಕ ಇದು ತೊಡಗುತ್ತದೆ. ಆತಂಕವು ಲಕ್ಷಣಗಳನ್ನು ಹೆಚ್ಚಿಸಬಹುದಾದರೂ ನೋವು ಖಂಡಿತ ಕಲ್ಪಿತವಲ್ಲ. 2016ರ ರೋಮ್-4 ಮಾನದಂಡದಂತೆ, ಕನಿಷ್ಠ 6 ತಿಂಗಳ ಹಿಂದೆ ಆರಂಭವಾದ ನೋವು ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಇದ್ದು, ಮಲವಿಸರ್ಜನೆಯೊಡನೆ ನಂಟು, ಅದರ ಸಂಖ್ಯೆಯಲ್ಲಿ ವ್ಯತ್ಯಾಸ, ಮಲದ ರೂಪದಲ್ಲಿ ವ್ಯತ್ಯಾಸ ಇವುಗಳಲ್ಲಿ ಎರಡಾದರೂ ಕಂಡರೆ ರೋಗನಿರ್ಣಯವಾಗುತ್ತದೆ. ಕರಗುವ ನಾರಾದ ಇಸಬ್ಗೋಲು, ಕರುಳಿನ ಸೆಳೆತ ತಗ್ಗಿಸುವ ಔಷಧಿ, ವ್ಯಾಯಾಮ, ಮನಶ್ಚಿಕಿತ್ಸೆ ಇದರ ನಿರ್ವಹಣೆಯ ಮಾರ್ಗಗಳು. ಆಸ್ಟ್ರೇಲಿಯದ ಮೊನಾಷ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಫಾಡ್‌ಮ್ಯಾಪ್ ಪಥ್ಯದಲ್ಲಿ, ಕರುಳಿನೊಳಗೆ ಹುದುಗಿ ವಾಯು ಹುಟ್ಟಿಸುವ ಶರ್ಕರಗಳುಳ್ಳ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಬೇಳೆಕಾಳುಗಳನ್ನು ಕೆಲವು ವಾರ ಬಿಟ್ಟು, ಯಾವುದು ಒಗ್ಗುವುದಿಲ್ಲವೆಂದು ತಿಳಿಯಲು ಒಂದೊಂದಾಗಿ ಮರಳಿ ಸೇರಿಸಲಾಗುತ್ತದೆ. ಬೇಳೆಯೇ ಆಧಾರವಾದ ಸಾರು, ಹುಳಿಯ ಊಟಕ್ಕೆ ಇದನ್ನು ಹೊಂದಿಸಲು ಆಹಾರತಜ್ಞರ ನೆರವು ಅಗತ್ಯ. ಮಲದಲ್ಲಿ ರಕ್ತ, ಕಾರಣವಿಲ್ಲದ ತೂಕನಷ್ಟ, ರಕ್ತಹೀನತೆ ಕಂಡಾಗ ಅಥವಾ 50 ವರ್ಷ ದಾಟಿದ ಮೇಲೆ ಲಕ್ಷಣಗಳು ಮೊದಲ ಬಾರಿಗೆ ತೋರಿದಾಗ ಬೇರೆ ರೋಗವಿರಬಹುದಾದ್ದರಿಂದ ತಡಮಾಡದೆ ತಪಾಸಣೆಗೆ ಒಳಗಾಗಬೇಕು.