ಅಪಾಯದ ಆಟಿಕೆಗಳು: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆ

ಮಕ್ಕಳ ಆಟದ ಸಾಮಾನುಗಳಿಂದ ಆಗುವ ಗಾಯ, ಸುಟ್ಟಗಾಯ, ಎಲುಬು ಮುರಿತ, ಉಸಿರುಕಟ್ಟುವಿಕೆ ಮತ್ತು ವಿಷಬಾಧೆಗಳನ್ನು ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ, ಹಾಗೂ ಇತ್ತೀಚೆಗೆ ಗೋಕಾಕದಿಂದ ಬೇರೆಯಾದ ಮೂಡಲಗಿ ತಾಲ್ಲೂಕುಗಳನ್ನು ಮುಖ್ಯವಾಗಿ ನೋಡಿ ಈ ಲೇಖನ ವಿವರಿಸುತ್ತದೆ. ಘಟಪ್ರಭಾ, ಹಿರಣ್ಯಕೇಶಿ ನದಿಗಳ ಈ ಸೀಮೆಗೂ ಆಟಿಕೆಗೂ ಹಳೆಯ ನಂಟಿದೆ. ಇಂದು ಗೋಕಾಕ ಎಂದರೆ ಜನಕ್ಕೆ ಮೊದಲು ಕರದಂಟು ನೆನಪಾಗುತ್ತದೆ. ಆದರೆ ಬ್ರಿಟಿಷರ ಕಾಲದ ಗೆಝೆಟಿಯರು ಈ ಊರನ್ನು ಗುರುತಿಸಿದ್ದು ಹಗುರ ಕಟ್ಟಿಗೆಯಿಂದಲೂ ಸುತ್ತಲಿನ ಒಂದು ವಿಶೇಷ ಮಣ್ಣಿನಿಂದಲೂ ಮಾಡಿದ ಗೊಂಬೆ ಮತ್ತು ಹಣ್ಣುಗಳ ಆಟಿಕೆಗಳಿಗಾಗಿ.

ಹೆಚ್ಚು ನೋವು ಕೊಟ್ಟ ಆಟಿಕೆಗಳು ಮಾತ್ರ ಅಂಗಡಿಯವಲ್ಲ. ಅವನ್ನು ಹುಡುಗರು ತಾವೇ ಮಾಡಿಕೊಂಡರು, ಇಲ್ಲವೇ ಹಬ್ಬ ಜಾತ್ರೆಗಳಲ್ಲಿ ನಾಲ್ಕು ಕಾಸಿಗೆ ತಂದರು. ಇನ್ನೊಂದು ಸಂಗತಿಯನ್ನು ಆರಂಭದಲ್ಲೇ ಹೇಳಬೇಕು. ಈ ಪೆಟ್ಟುಗಳಲ್ಲಿ ಅನೇಕವು ಬಿದ್ದದ್ದು ಆಡುತ್ತಿದ್ದ ಹುಡುಗನಿಗಲ್ಲ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ತಮ್ಮನಿಗೆ, ದಾರಿಯಲ್ಲಿ ಹಾಯ್ದುಹೋಗುತ್ತಿದ್ದವರಿಗೆ. “ಜೋಪಾನ, ನಿನ್ನ ಕೈಗೆ ಬಡಿದೀತು” ಎಂದು ಹಿರಿಯರು ಆಡುವವನಿಗೆ ಹೇಳುವ ಎಚ್ಚರಿಕೆ ಈ ಪೆಟ್ಟುಗಳ ಹತ್ತಿರಕ್ಕೂ ಹೋಗುವುದಿಲ್ಲ.

ಚಿಣಿಪಣಿ, ಬಗರಿ, ಬಿಲ್ಲು

ಹಳೆಯ ಮೈಸೂರು ಕಡೆಯವರು ಚಿನ್ನಿದಾಂಡು ಎನ್ನುವುದು ಇಲ್ಲಿ ಚಿಣಿಪಣಿ. ಗೇಣುದ್ದದ ಚಿಣಿಯ ಎರಡೂ ತುದಿಗಳನ್ನು ಕೆತ್ತಿ ಚೂಪು ಮಾಡಿರುತ್ತಾರೆ. ಒಂದು ತುದಿಗೆ ತಟ್ಟಿದಾಗ ಅದು ಪುಟಿದೇಳುತ್ತದೆ, ಎದ್ದ ಚಿಣಿಗೆ ಮತ್ತೊಂದು ಹೊಡೆತ ಬೀಳುತ್ತದೆ. ಹಿಡಿಯಲು ನಿಂತವರು ಎದುರಿಗೇ ಇರುತ್ತಾರೆ, ಚಿಣಿಯನ್ನೇ ನೋಡುತ್ತಿರುತ್ತಾರೆ. ಆಟದ ನಿಯಮವೇ ಕಣ್ಣನ್ನು ಚಿಣಿಯ ದಾರಿಯಲ್ಲಿ ನಿಲ್ಲಿಸುತ್ತದೆ. ಭಾರತದ ಕಣ್ಣಿನ ವೈದ್ಯರು ಮಕ್ಕಳ ಕಣ್ಣುಗಾಯಗಳ ಕಾರಣಗಳನ್ನು ಬರೆದಿಟ್ಟಲ್ಲೆಲ್ಲ ಈ ಆಟ ಮತ್ತೆ ಮತ್ತೆ ಬರುತ್ತದೆ.

ಬಗರಿಯ ಅಪಾಯ ಅದರ ಮೊಳೆಯಲ್ಲಿದೆ. ಚಾಟಿ ಸುತ್ತಿ ಬೀಸಿದ ಬಗರಿ ನೆಲದಲ್ಲಿ ತಿರುಗುತ್ತಿರುವವರೆಗೆ ಯಾರಿಗೂ ಏನೂ ಆಗುವುದಿಲ್ಲ. ಸೋತವನ ಬಗರಿಗೆ ಗುನ್ನ ಹೊಡೆಯುವ ಆಟದಲ್ಲಿ ಮೊಳೆ ಗುರಿ ತಪ್ಪಿ ಪಾದದ ಮೇಲೆ ಇಳಿಯುತ್ತದೆ, ಅಥವಾ ಬಗರಿ ಚಾಟಿಯಿಂದ ಬಿಡದೆ ಹಿಂದಕ್ಕೆ ಚಿಮ್ಮುತ್ತದೆ. ತುಕ್ಕು ಹಿಡಿದ ಮೊಳೆ ಎಂದು ಜನ ಹೆದರುವುದು ಸರಿ, ಆದರೆ ಧನುರ್ವಾಯು ತುಕ್ಕಿನಿಂದ ಬರುವುದಿಲ್ಲ. ಅದರ ರೋಗಾಣು ಮಣ್ಣು ಮತ್ತು ಸಗಣಿಯಲ್ಲಿರುತ್ತದೆ. ಹೊಸ ಮೊಳೆಯೂ ಕೊಟ್ಟಿಗೆಯ ನೆಲ ಮುಟ್ಟಿ ಚುಚ್ಚಿದರೆ ಅಷ್ಟೇ ಅಪಾಯ.

ಬಿಲ್ಲು ಬಾಣಕ್ಕೆ ಒಂದು ವಿಶೇಷ ಕಾಲ ಬಂದಿತ್ತು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾನಂದ ಸಾಗರರ ‘ರಾಮಾಯಣ’ ಶುರುವಾಯಿತು, ಮರುವರ್ಷ ‘ಮಹಾಭಾರತ’ ಬಂತು. ಓಣಿಯ ಒಂದೇ ಟಿವಿಯ ಮುಂದೆ ಕೂತು ಎದ್ದ ಹುಡುಗರು ಬಿದಿರ ಸೀಳನ್ನು ಬಗ್ಗಿಸಿ ದಾರ ಕಟ್ಟಿದರು, ಕಸಬರಿಗೆಯ ಕಡ್ಡಿ ಬಾಣವಾಯಿತು. ಕಡ್ಡಿಬಾಣ ಕಣ್ಣಿಗೆ ನೆಟ್ಟ ಮಕ್ಕಳು ಆ ವರ್ಷಗಳಲ್ಲಿ ಹೆಚ್ಚಾಗಿ ಬಂದದ್ದನ್ನು ದೇಶದ ಕಣ್ಣಿನ ವೈದ್ಯರು ದಾಖಲಿಸಿದ್ದಾರೆ. ಇದೇ ಸಾಲಿಗೆ ರಬ್ಬರಿನ ಕವಣೆಯೂ ಸೇರುತ್ತದೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಬೀಸುವ ಹಗ್ಗದ ಕವಣೆ ದುಡಿಮೆಯ ಸಾಧನ, ಅದನ್ನು ಬೀಸಲು ತೋಳು ಪಳಗಿರಬೇಕು. ಕವಲುಕೋಲಿಗೆ ಸೈಕಲ್ ಟ್ಯೂಬಿನ ರಬ್ಬರು ಕಟ್ಟಿದ ಸಣ್ಣ ಕವಣೆಯನ್ನು ಏಳು ವರ್ಷದವನೂ ಎಳೆಯಬಲ್ಲ.

ಜೋಳದ ದಂಟಿನ ಆಟಿಕೆಗಳನ್ನು ಈ ಪಟ್ಟಿಯಲ್ಲಿ ಹೇಳಲು ಮನಸ್ಸು ಒಪ್ಪದು, ಅಷ್ಟು ಚೆಂದದ ಆಟಿಕೆಗಳು ಅವು. ದಂಟಿನ ಸಿಬರು ಸುಲಿದು, ಒಳಗಿನ ಬೆಂಡಿಗೆ ಚುಚ್ಚಿ ಬಂಡಿ, ಎತ್ತು, ಕನ್ನಡಕ ಮಾಡುತ್ತಾರೆ. ಆ ಸಿಬರು ಬ್ಲೇಡಿನಂತೆ ಬೆರಳು ಕೊಯ್ಯುತ್ತದೆ. ಬೆರಳಿನ ಗಾಯ ಮಾಯುತ್ತದೆ, ಕಣ್ಣಿಗೆ ಗೀರಿದರೆ ಮಾತು ಬೇರೆ. ಗಿಡದ ಚೂರಿನಿಂದಾದ ಗೀರಿನಲ್ಲಿ ಬೂಷ್ಟು ಬೆಳೆದು ಕಾರ್ನಿಯಾದಲ್ಲಿ ಹುಣ್ಣಾಗುತ್ತದೆ. ಕೆಂಪಾದ ಕಣ್ಣಿಗೆ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಹನಿ ಹಾಕಿದರೆ ಬೂಷ್ಟು ಇನ್ನಷ್ಟು ಹಬ್ಬುತ್ತದೆ.

ಕಣ್ಣಿಗೆ ಆಗುವುದೇನು

ಮೊಂಡು ಪೆಟ್ಟು ಬಿದ್ದಾಗ ಕಣ್ಣುಗುಡ್ಡೆ ಕ್ಷಣಕಾಲ ಚಪ್ಪಟೆಯಾಗುತ್ತದೆ. ಒಳಗಿನ ರಕ್ತನಾಳ ಹರಿದು ಕರಿಗುಡ್ಡೆಯ ಮುಂದೆ ರಕ್ತ ನಿಲ್ಲುತ್ತದೆ, ಒತ್ತಡ ಏರುತ್ತದೆ. ಮಸೂರಕ್ಕೆ ಏಟಾದರೆ ಎಂಟು ವರ್ಷದ ಹುಡುಗನಿಗೂ ಮೋತಿಬಿಂದು ಬರುತ್ತದೆ. ಚೂಪಾದದ್ದು ಹೊಕ್ಕರೆ ಗುಡ್ಡೆಯೇ ಹರಿಯುತ್ತದೆ. ಮಗುವಿಗೆ ಇನ್ನೊಂದು ನಷ್ಟವೂ ಇದೆ. ಸುಮಾರು ಎಂಟು ವರ್ಷದವರೆಗೆ ಮೆದುಳು ನೋಡುವುದನ್ನು ಕಲಿಯುತ್ತಲೇ ಇರುತ್ತದೆ. ಆ ವಯಸ್ಸಿನಲ್ಲಿ ಒಂದು ಕಣ್ಣು ತಿಂಗಳುಗಟ್ಟಲೆ ಮಸುಕಾಗಿ ಉಳಿದರೆ, ಮುಂದೆ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆದರೂ ಮೆದುಳು ಆ ಕಣ್ಣನ್ನು ಬಳಸಲು ಒಲ್ಲೆನ್ನುತ್ತದೆ.

ಒಂದು ಕಣ್ಣಿನ ಗಾಯ ಎರಡನ್ನೂ ಕಸಿದ ಉದಾಹರಣೆ ಲೋಕಪ್ರಸಿದ್ಧ. 1812ರಲ್ಲಿ ಫ್ರಾನ್ಸಿನ ಕೂವ್ರೇ ಎಂಬ ಹಳ್ಳಿಯಲ್ಲಿ ಮೂರು ವರ್ಷದ ಲೂಯಿ ಬ್ರೈಲ್, ಕುದುರೆಯ ಜೀನು ಹೊಲಿಯುತ್ತಿದ್ದ ತಂದೆಯ ಅಂಗಡಿಯಲ್ಲಿ ಚರ್ಮ ಚುಚ್ಚುವ ಉಳಿಯನ್ನು ಆಟಿಕೆ ಮಾಡಿಕೊಂಡಿದ್ದ. ಉಳಿ ಒಂದು ಕಣ್ಣಿಗೆ ಹೊಕ್ಕಿತು, ಬಾಧೆ ಇನ್ನೊಂದಕ್ಕೂ ಹಬ್ಬಿತು, ಐದು ವರ್ಷ ತುಂಬುವಷ್ಟರಲ್ಲಿ ಎರಡೂ ಹೋದವು.

ಹಳ್ಳಿಗಳಲ್ಲಿ ಗಾಯಗೊಂಡ ಕಣ್ಣಿಗೆ ಎದೆಹಾಲು, ಹರಳೆಣ್ಣೆ, ನಂದಿಬಟ್ಟಲ ರಸ ಹಾಕುವ ರೂಢಿ ಇನ್ನೂ ಹೋಗಿಲ್ಲ. ಹಾಕುವವರ ಪ್ರೀತಿಯಲ್ಲಿ ಕೊರತೆಯಿಲ್ಲ, ಆದರೆ ಹರಿದ ಕಣ್ಣಿಗೆ ಅದು ಕೀವು ತರುವ ದಾರಿ. ಮಾಡಬೇಕಾದದ್ದು ಸ್ವಲ್ಪವೇ: ಉಜ್ಜಬಾರದು, ಒತ್ತಬಾರದು, ನೆಟ್ಟ ಕಡ್ಡಿಯನ್ನು ಕೀಳಬಾರದು, ಕಣ್ಣಿಗೆ ತಾಗದಂತೆ ಒಂದು ಕಾಗದದ ಲೋಟವನ್ನು ಬೋರಲು ಮುಚ್ಚಿ ಆಸ್ಪತ್ರೆಗೆ ಹೊರಡಬೇಕು. ಈ ಸೀಮೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಬೆಳಗಾವಿ. ದೂರದ ಹಳ್ಳಿಯ ತಾಯಿಗೆ ಆ ದಾರಿಯೇ ಅರ್ಧ ದಿನ.

ಸುಣ್ಣದ ಪಾಕೀಟು

ಯಾರೂ ಆಟಿಕೆ ಎಂದು ಎಣಿಸದ ಈ ವಸ್ತುವಿಗೆ ಇಲ್ಲಿ ಬೇರೆಯೇ ಜಾಗ ಕೊಡಬೇಕು. ಎಲೆ ಅಡಿಕೆ ಹಾಕುವ, ತಂಬಾಕು ತಿಕ್ಕುವ ಮನೆಗಳಲ್ಲಿ ಸುಣ್ಣದ ಡಬ್ಬಿ ಇರುತ್ತಿತ್ತು, ಈಗ ಪ್ಲಾಸ್ಟಿಕ್ ಪಾಕೀಟು ಬಂದಿದೆ. ಮೆತ್ತಗೆ ಉಬ್ಬಿದ ಪಾಕೀಟು ಮಗುವಿನ ಕೈಗೆ ಸಿಕ್ಕರೆ ಅದು ಹಿಸುಕುತ್ತದೆ, ಬಾಯಿಂದ ಕಚ್ಚುತ್ತದೆ. ಪಾಕೀಟು ಒಡೆದು ಸುಣ್ಣ ನೇರ ಮುಖಕ್ಕೆ ಚಿಮ್ಮುತ್ತದೆ. ಮಗುವನ್ನು ಎತ್ತಿ ಹಿಡಿದ ಅಕ್ಕನ ಕಣ್ಣಿಗೂ ಚಿಮ್ಮಬಹುದು. ಸುಣ್ಣ ಕ್ಷಾರ. ಆಮ್ಲ ತಗಲಿದಲ್ಲಿ ಮೇಲ್ಪದರ ಬೆಂದು ಗಟ್ಟಿಯಾಗಿ ಬಹುಮಟ್ಟಿಗೆ ಅಲ್ಲಿಗೇ ನಿಂತರೆ, ಕ್ಷಾರ ಪದರಗಳನ್ನು ಕರಗಿಸುತ್ತ ಒಳಕ್ಕಿಳಿಯುತ್ತದೆ, ಕಣ್ಣು ಸುಣ್ಣದ ಗೋಡೆಯಂತೆ ಬೆಳ್ಳಗಾಗುತ್ತದೆ. ಭಾರತದ ಮಕ್ಕಳಲ್ಲಿ ರಾಸಾಯನಿಕದಿಂದ ಕಣ್ಣು ಸುಡುವುದಕ್ಕೆ ಈ ಪಾಕೀಟು ಒಂದು ಮುಖ್ಯ ಕಾರಣ ಎಂದು ನೇತ್ರತಜ್ಞರು ಬಹಳ ಕಾಲದಿಂದ ಬರೆಯುತ್ತ ಬಂದಿದ್ದಾರೆ.

ಚಿಣಿಯ ಗಾಯದಲ್ಲಿ ನೀರು ಹಾಕದೆ ಓಡಬೇಕು, ಸುಣ್ಣದ ಗಾಯದಲ್ಲಿ ಓಡುವ ಮೊದಲೇ ನೀರು ಹಾಕಬೇಕು. ರೆಪ್ಪೆ ಬಿಡಿಸಿ ಹಿಡಿದು, ಕೊಡದ ಕುಡಿಯುವ ನೀರನ್ನು ಕಾಲು ಗಂಟೆಗೆ ಕಡಿಮೆಯಿಲ್ಲದೆ ಸುರಿಯುತ್ತಲೇ ಇರಬೇಕು. ಮಗು ಚೀರುತ್ತದೆ, ನಿಲ್ಲಿಸಬಾರದು.

ಮಾಂಜಾ

ಕಾರಹುಣ್ಣಿಮೆಯ ಸುತ್ತ ಮುಂಗಾರಿನ ಗಾಳಿ ಎದ್ದಾಗ ಉತ್ತರ ಕರ್ನಾಟಕದ ಮಾಳಿಗೆಗಳಲ್ಲಿ ಗಾಳಿಪಟ ಏರುತ್ತವೆ. ಗಾಳಿಪಟದ ಹಳೆಯ ಅಪಾಯ ಮಾಳಿಗೆಯದೇ ಆಗಿತ್ತು. ಕಟ್ಟೆಯಿಲ್ಲದ ಮಣ್ಣಿನ ಮಾಳಿಗೆಯ ಮೇಲೆ ಆಕಾಶ ನೋಡುತ್ತ ಹಿಂದೆ ಸರಿಯುವ ಹುಡುಗನಿಗೆ ಅಂಚು ಕಾಣದು. ಎರಡನೆಯದು ತಂತಿ. ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಕರೆಂಟು ಹಂಚುತ್ತಿರುವ ಹುಕ್ಕೇರಿ ಸೀಮೆಯಾಗಲಿ, ಬೇರೆ ಊರಾಗಲಿ, ತಂತಿಗೆ ಸಿಕ್ಕ ಪಟ ಬಿಡಿಸಲು ಕಬ್ಬಿಣದ ಸರಳು ಹಿಡಿದು ಏರಿದವನಿಗೆ ಎರಡನೆಯ ಅವಕಾಶ ಸಿಗದು.

ಮೂರನೆಯದು ದಾರ. ಹತ್ತಿಯ ನೂಲಿಗೆ ಅನ್ನದ ಗಂಜಿ, ಗಾಜಿನ ಪುಡಿ ಸವರಿದ ಹಳೆಯ ಮಾಂಜಾ ಬೆರಳು ಕೊಯ್ಯುತ್ತಿತ್ತು, ಆದರೆ ಎಳೆತ ಹೆಚ್ಚಾದರೆ ತಾನೇ ಹರಿಯುತ್ತಿತ್ತು. ಜನ ‘ಚೀನಾ ಮಾಂಜಾ’ ಎಂದು ಕರೆಯುವ ನೈಲಾನ್ ದಾರ ಹರಿಯುವುದಿಲ್ಲ, ಕೊಳೆಯುವುದಿಲ್ಲ. ಲೋಹದ ಪುಡಿ ಬೆರೆತಿದ್ದರೆ ಕರೆಂಟನ್ನೂ ಹಾಯಿಸುತ್ತದೆ. ರಸ್ತೆಗೆ ಅಡ್ಡವಾಗಿ ಬಿದ್ದ ಈ ದಾರ ಬೈಕಿನಲ್ಲಿ ಬರುವವನಿಗೆ ಕಾಣದು. ಬೈಕಿನ ವೇಗವೇ ಅದಕ್ಕೆ ಕತ್ತಿಯ ಬಲ ಕೊಡುತ್ತದೆ.

2022ರ ಅಕ್ಟೋಬರ್‌ನಲ್ಲಿ, ದೀಪಾವಳಿಗೆ ಹೊಸ ಬಟ್ಟೆ ಕೊಳ್ಳಲು ತಂದೆಯ ಜೊತೆ ಬೈಕಿನಲ್ಲಿ ಬೆಳಗಾವಿಗೆ ಹೋಗಿದ್ದ ಹುಕ್ಕೇರಿ ತಾಲ್ಲೂಕಿನ ಒಬ್ಬ ಪುಟ್ಟ ಬಾಲಕನ ಕೊರಳಿಗೆ ಗಾಂಧಿನಗರದ ಹತ್ತಿರ ಮಾಂಜಾ ಸಿಕ್ಕಿತು. ಬಾಲಕ ಉಳಿಯಲಿಲ್ಲ. ಅವನ ಕೈಯಲ್ಲಿ ಗಾಳಿಪಟ ಇರಲಿಲ್ಲ, ಹಾರಿಸಿದವರು ಯಾರೋ, ಎಲ್ಲಿಯವರೋ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈ 11ರಂದೇ ನೈಲಾನ್ ಹಾಗೂ ಇತರ ಕೃತಕ ಮಾಂಜಾದ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ನಿಷೇಧಿಸಿತ್ತು. ಐದು ವರ್ಷ ಕಳೆದರೂ ಆ ದಾರ ಪೇಟೆಯಲ್ಲಿ ಸಿಗುತ್ತಿತ್ತು ಎಂಬುದನ್ನು ಈ ಸಾವಿನ ಪಕ್ಕದಲ್ಲಿಟ್ಟೇ ಓದಬೇಕು. ಗೋಕಾಕ ಫಾಲ್ಸ್‌ನಲ್ಲಿ 1880ರ ದಶಕದಿಂದ ಹತ್ತಿಯ ನೂಲು ತೆಗೆದ ಗಿರಣಿಯಿದೆ. ಪಟ ಹಾರಿಸಲು ಹತ್ತಿಯ ದಾರಕ್ಕೆ ಈ ನಾಡಿನಲ್ಲಿ ಎಂದೂ ಬರ ಬಂದಿರಲಿಲ್ಲ.

ಪಟಾಕಿ ಮತ್ತು ಮದ್ದು

ಟಿಕಳಿ ಪಿಸ್ತೂಲು ಕಿವಿಯ ಹತ್ತಿರ ಸಿಡಿದರೆ ಕಿವಿಗೆ ಕೇಡು, ಬೆರಳಿಗೆ ಸಣ್ಣ ಸುಟ್ಟಗಾಯ. ಹೂಕುಂಡ, ರಾಕೆಟ್ಟು, ಆಟಂಬಾಂಬುಗಳ ಗಾಯ ದೊಡ್ಡದು. ಹೊತ್ತಿತೋ ಇಲ್ಲವೋ ಎಂದು ಬಗ್ಗಿ ನೋಡುವಾಗ ಸಿಡಿಯುವುದು, ಸಿಡಿಯದೆ ಉಳಿದದ್ದನ್ನು ಮರುದಿನ ಬೆಳಗ್ಗೆ ಹೆಕ್ಕಿ ಮದ್ದು ಸುರಿದು ಹೊತ್ತಿಸುವುದು, ಇವು ಪ್ರತಿ ದೀಪಾವಳಿಯ ಕಥೆ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆ ಹಬ್ಬದ ದಿನಗಳಲ್ಲಿ ಹಗಲಿರುಳೂ ಸಜ್ಜಾಗಿರುತ್ತದೆ. ಅಲ್ಲಿಗೆ ಬರುವವರಲ್ಲಿ ಪಟಾಕಿ ಹಚ್ಚದೆ ಬರೀ ನೋಡುತ್ತಿದ್ದವರು ಪ್ರತಿವರ್ಷವೂ ಇರುತ್ತಾರೆ. ಹೊಸ ಅಪಾಯ ಕಾರ್ಬೈಡ್ ಗನ್ನು. ಪೈಪಿನೊಳಗೆ ಕ್ಯಾಲ್ಸಿಯಂ ಕಾರ್ಬೈಡ್ ಚೂರು ಹಾಕಿ ನೀರು ಹನಿಸಿದರೆ ಅಸಿಟಿಲಿನ್ ಅನಿಲ ಏಳುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಭೋಪಾಲ ಮತ್ತಿತರ ಊರುಗಳಲ್ಲಿ ಇದರಿಂದ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಗಾಯವಾಯಿತು, ಅವರಲ್ಲಿ ಬಹುಪಾಲು ಮಕ್ಕಳು. ಗನ್ನು ಸಿಡಿಯದಿದ್ದಾಗ ಪೈಪಿನ ಬಾಯಿಗೆ ಕಣ್ಣಿಟ್ಟು ನೋಡಿದ್ದೇ ಅನೇಕರಿಗೆ ಮುಳುವಾಯಿತು.

ಪಂಚಮಿಯ ಜೋಕಾಲಿ

ನಾಗರ ಪಂಚಮಿ ಎಂದರೆ ಈ ಭಾಗದಲ್ಲಿ ಉಂಡಿ ಮತ್ತು ಜೋಕಾಲಿ. ದಾರ ಪೋಣಿಸಿದ ಕೊಬ್ಬರಿ ಬಟ್ಟಲನ್ನು ಗಿರಗಿರ ತಿರುಗಿಸುವುದೂ ಇದೇ ಹಬ್ಬದ ಆಟ. ಆಡಿ ದಣಿದರೆ ತಿಂದುಬಿಡಬಹುದಾದ ಆಟಿಕೆ ಅದು. ಬೇವು, ಹುಣಸೆ ಮರಗಳ ಜೋಕಾಲಿಯಿಂದ ಮಕ್ಕಳು ಕೈ ಊರಿ ಬಿದ್ದಾಗ ಮೊಣಕೈಯ ಮೇಲಿನ ಎಲುಬು ಮುರಿಯುತ್ತದೆ. ಮುರಿತಕ್ಕಿಂತ ಮುಂದಿನದು ಕೆಟ್ಟದ್ದು. ಬಿದಿರ ಪಟ್ಟಿ ಕಟ್ಟಿ ಬಿಗಿಯಾಗಿ ಸುತ್ತಿದರೆ ಬಾವು ಒಳಗೇ ಒತ್ತಿ ರಕ್ತ ನಿಲ್ಲುತ್ತದೆ. ಸ್ನಾಯು ಸತ್ತು ಬೆರಳುಗಳು ಹಕ್ಕಿಯ ಉಗುರಿನಂತೆ ಮಡಚಿಕೊಳ್ಳುತ್ತವೆ. ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲಿ ವಿವರಿಸಿದ ಊನ ಇದು. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಮಗು ಮೊದಲಿಗಿಂತ ಹೆಚ್ಚು ಅತ್ತರೆ, ಆ ರಾತ್ರಿಯೇ ಕಟ್ಟು ಬಿಚ್ಚಿಸಬೇಕು.

ನುಂಗಿದ್ದು, ನೆಕ್ಕಿದ್ದು

ಮೂರು ವರ್ಷದೊಳಗಿನ ಮಗುವಿಗೆ ಬಾಯಿಯೇ ಕೈ. ಜಾತ್ರೆಯ ಪೀಪಿಯ ನಾಲಿಗೆ, ಒಡೆದ ಬಲೂನಿನ ಚೂರು, ಗೋಲಿ, ಹುಣಸೆಬೀಜ ಶ್ವಾಸನಾಳಕ್ಕೆ ಇಳಿಯುತ್ತವೆ. ಬಲಗಡೆಯ ಕವಲು ಅಗಲವಾಗಿಯೂ ನೇರವಾಗಿಯೂ ಇರುವುದರಿಂದ ಹೆಚ್ಚಾಗಿ ಅಲ್ಲಿಗೇ ಹೋಗುತ್ತವೆ. ಒಮ್ಮೆ ಜೋರಾಗಿ ಕೆಮ್ಮಿ ಮಗು ಸುಮ್ಮನಾದರೆ ಮನೆಯವರಿಗೆ ಸಮಾಧಾನ. ವಾರಗಳ ನಂತರ ಬಿಡದ ಕೆಮ್ಮು, ಜ್ವರಕ್ಕೆ ನ್ಯುಮೋನಿಯಾ ಎಂದು ಮದ್ದು ನಡೆಯುತ್ತಿರುತ್ತದೆ. ಚೀನಾ ಆಟಿಕೆಗಳ ಗುಂಡಿ ಬ್ಯಾಟರಿ ಇನ್ನೂ ಕೆಟ್ಟದ್ದು. ಅನ್ನನಾಳದಲ್ಲಿ ಸಿಕ್ಕರೆ ಎರಡು ಗಂಟೆಯೊಳಗೆ ಸುಡತೊಡಗುತ್ತದೆ.

ಭಾರತೀಯ ಮಾನಕ ಬ್ಯೂರೋದ ಐಎಸ್ 9873 ಈ ಅಪಾಯವನ್ನು ಅಳೆಯುವುದು 31.7 ಮಿ.ಮೀ. ಅಗಲದ ಒಂದು ಸಣ್ಣ ಕೊಳವೆಯಿಂದ. ಅದರೊಳಗೆ ಪೂರ್ತಿ ಹಿಡಿಸುವ ಆಟಿಕೆಯಾಗಲಿ, ಕಳಚಿಬಂದ ತುಂಡಾಗಲಿ ಮೂರು ವರ್ಷದೊಳಗಿನವರಿಗೆ ಸಲ್ಲದು. ಗೋಕಾಕದ ಕಟ್ಟಿಗೆಯ ನಿಂಬೆಹಣ್ಣು ಹೊರಗೇ ಉಳಿದೀತು, ಬಾರಿಹಣ್ಣಿನಷ್ಟು ಸಣ್ಣದು ಒಳಗಿಳಿಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು, ಗುಳ್ಳವ್ವನ ಮಣ್ಣಿನ ಗೊಂಬೆ ಕೈಜಾರಿದರೆ ತಾವೇ ಒಡೆಯುತ್ತವೆ, ಹಸಿಮಣ್ಣಾಗಿ ಇರುವವರೆಗೆ ಬಣ್ಣದ ಚಿಂತೆಯೂ ಇಲ್ಲ.

ಬಣ್ಣ ಬಂದಲ್ಲಿ ಸೀಸವೂ ಬರಬಹುದು. ಹಳದಿ, ಕೆಂಪು ಬಣ್ಣಗಳಲ್ಲಿ ಸೀಸದ ಲವಣ ಸೇರಿಸುವುದು ಹಳೆಯ ಪದ್ಧತಿ. ಅಂಥ ಆಟಿಕೆ ನೆಕ್ಕಿದ ಮಗುವಿನ ಮೈಮೇಲೆ ಗಾಯ ಕಾಣದು, ಕಲಿಕೆ ಕುಂಟುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷದ ಮೇಲೆ ದುಡಿದ ಡಾ. ತುಪ್ಪಿಲ್ ವೆಂಕಟೇಶ್ ಈ ಮಾತನ್ನು ದಶಕಗಳ ಕಾಲ ಹೇಳುತ್ತ ಬಂದರು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ 2016ರ ನಿಯಮ 2017ರ ನವೆಂಬರ್‌ನಿಂದ ಜಾರಿಗೆ ಬಂತು.

2019ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ದಿಲ್ಲಿ ಸುತ್ತಲಿನ ಪೇಟೆಯಿಂದ ತಂದ 121 ಬಗೆಯ ಆಮದು ಆಟಿಕೆಗಳನ್ನು ಪರೀಕ್ಷಿಸಿದಾಗ ಶೇ 66.9ರಷ್ಟು ಸೋತವು. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಬಂತು, 2021ರ ಜನವರಿ 1ರಿಂದ ಐಎಸ್‌ಐ ಗುರುತಿಲ್ಲದ ಆಟಿಕೆಯ ಮಾರಾಟಕ್ಕೆ ನಿಷೇಧ ಬಂತು. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ ಚನ್ನಪಟ್ಟಣ, ಕಿನ್ನಾಳದಂಥ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ಇದರಿಂದ ವಿನಾಯಿತಿ ಇದೆ. ಕೈಕಸುಬು ಉಳಿಯಲು ಆ ವಿನಾಯಿತಿ ಬೇಕೇ ಬೇಕು. ಅದರ ಜೊತೆಗೆ ಸೀಸವಿಲ್ಲದ ಬಣ್ಣ ಗೋಕಾಕದಂಥ ಊರಿನ ಆಟಿಕೆ ಮಾಡುವ ಚಿತ್ರಗಾರನ ಮನೆಯವರೆಗೆ ಕೈಗೆಟಕುವ ಬೆಲೆಯಲ್ಲಿ ತಲುಪಬೇಕು. ಚಿಣಿಪಣಿ, ಕಡ್ಡಿಬಾಣ, ಸುಣ್ಣದ ಪಾಕೀಟುಗಳು ಈ ಆದೇಶದ ಯಾವ ಸಾಲಿನಲ್ಲೂ ಬರುವುದಿಲ್ಲ.